ಬರೆಯ ಮೇಲೆ ಹಾಕಿದ ಪ್ಲಾಸ್ಟರ್

ಶಿಡ್ಲಘಟ್ಟದ ಆ ರೇಷ್ಮೆ ರೀಲರ್ ಎರಡನೇ ಸಲ ನಮ್ಮ ಆಪರೇಷನ್ ಥಿಯೇಟರಿಗೆ ಬಂದಾಗ ಅವರ ಎಡಗೈ ಮಣಿಕಟ್ಟಿನಲ್ಲಿ, ಹಸಿರು ದಾರದ ತಾಯಿತದ ಕೆಳಗೆ, ಒಂದು ಬರೆಯಿತ್ತು. ಹುಣಸೆ ಬೀಜದಷ್ಟು ಅಗಲ, ಒಣಗಿ ಕಪ್ಪಾದದ್ದು. ಅದನ್ನು ಯಾರು ಎಳೆದರು, ಯಾಕೆ ಎಳೆದರು ಎನ್ನುವುದು ಆ ಕೋಣೆಯಲ್ಲಿ ಅವರನ್ನು ಬಿಟ್ಟರೆ ನನಗೊಬ್ಬನಿಗೇ ಗೊತ್ತಿತ್ತು. ಬರೆ ಎಳೆಯುವವರ ಹತ್ತಿರ ಅವರನ್ನು ಕಳಿಸಿದವನು ನಾನೇ.

ಎರಡು ಸಾವಿರದ ಇಸವಿ ಕಳೆದು ಮೂರು ನಾಲ್ಕು ವರ್ಷವಾಗಿತ್ತು. ಚಿಂತಾಮಣಿಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ನಾನು ಅರಿವಳಿಕೆ ಡಾಕ್ಟರಿಗೆ ಸಹಾಯಕ. ಓದಿದ್ದು ಹೈಸ್ಕೂಲು, ಮಿಕ್ಕಿದ್ದೆಲ್ಲ ಪಕ್ಕದಲ್ಲಿ ನಿಂತು ನೋಡಿ ಕಲಿತದ್ದು. ಅರಿವಳಿಕೆ ಡಾಕ್ಟರ ಮನೆ ಚಿಕ್ಕಬಳ್ಳಾಪುರದಲ್ಲಿ. ಬುಧವಾರ, ಗುರುವಾರ ನಮ್ಮಲ್ಲಿಗೆ ಬರುತ್ತಿದ್ದರು; ಮಿಕ್ಕ ದಿನ ಬೇರೆ ಊರುಗಳ ಆಸ್ಪತ್ರೆಗಳಿಗೆ. ನರ್ಸಿಂಗ್ ಹೋಮಿನ ಮಾಲೀಕರೇ ಸರ್ಜನ್. ಅವರು ಬಾಯಿಬಡುಕರು, ಅರಿವಳಿಕೆ ಡಾಕ್ಟರು ಮಿತಭಾಷಿ.

ಆ ರೀಲರಿಗೆ ಐವತ್ತರ ಆಸುಪಾಸು. ಮನೆಯ ಹಿಂದೆಯೇ ಗೂಡು ಬೇಯಿಸಿ ನೂಲು ತೆಗೆಯುವ ಒಲೆಗಳನ್ನು ಇಟ್ಟುಕೊಂಡಿದ್ದರು. ವರ್ಷಗಟ್ಟಲೆ ಹೊಟ್ಟೆನೋವನ್ನು ಅಲ್ಸರ್ ಎಂದು ನುಂಗಿಕೊಂಡು, ಕೊನೆಗೆ ಹೊಟ್ಟೆಯಲ್ಲಿ ತೂತು ಬಿದ್ದು ನಮ್ಮಲ್ಲಿಗೆ ಬಂದರು. ಅವತ್ತು ಹ್ಯಾಲೋಥೇನ್ ಎನ್ನುವ ಗಾಳಿ ಮದ್ದು ಕೊಟ್ಟು, ಹೊಟ್ಟೆ ತೆರೆದು ತೂತು ಮುಚ್ಚಿದರು. ಮುಚ್ಚುವಾಗ ಅಂಚಿನಿಂದ ಒಂದು ಚೂರು ತೆಗೆದು ಬೆಂಗಳೂರಿಗೆ ಕಳಿಸಿದ್ದರು. ಅದು ಕ್ಯಾನ್ಸರ್ ಎಂದು ವರದಿ ಬಂತು. ಒಂದೂವರೆ ತಿಂಗಳು ಚೆನ್ನಾಗಿ ತಿಂದು ಮೈ ಹಿಡಿಸಿಕೊಂಡು ಬನ್ನಿ, ಆಮೇಲೆ ಜಠರದ ಆ ಭಾಗವನ್ನೇ ತೆಗೆಯೋಣ ಎಂದು ಸರ್ಜನ್ ಹೇಳಿ ಕಳಿಸಿದರು.

ಆ ಒಂದೂವರೆ ತಿಂಗಳಿನಲ್ಲೇ ನನ್ನ ತಪ್ಪು ನಡೆದದ್ದು.

ಆಪರೇಷನ್ ಆದ ಹತ್ತನೇ ದಿನವೋ ಹನ್ನೊಂದನೇ ದಿನವೋ ಅವರ ಹೆಂಡತಿ ಮಧ್ಯಾಹ್ನ ಬಂದರು. ಸರ್ಜನ್ ಊಟಕ್ಕೆ ಹೋಗಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಅಣ್ಣಾ, ಇವರ ಕಣ್ಣು ಅರಿಶಿನ ಆಗೋಗದೆ. ಜ್ವರಾನೂ ಅದೆ. ಏನ್ ಮಾಡೋದು ಹೇಳಿ."

ಕೂತಿರಿ, ಡಾಕ್ಟರು ಬರುತ್ತಾರೆ ಎಂದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ನಾನು ಹೇಳಿದ್ದು ಬೇರೆ. ನನ್ನ ಭಾವ, ಅಂದರೆ ಅಕ್ಕನ ಗಂಡ, ಆಂಧ್ರದ ಗಡಿ ಕಡೆಯ ಹಳ್ಳಿಯಲ್ಲಿ ಕಾಮಾಲೆಗೆ ಮದ್ದು ಕೊಡುತ್ತಿದ್ದರು. ಭಾನುವಾರ ಹೊತ್ತು ಹುಟ್ಟುವ ಮೊದಲು ಬರಿಹೊಟ್ಟೆಯಲ್ಲಿ ಹೋಗಬೇಕು. ಬೇರು ಅರೆದು ಮೇಕೆ ಹಾಲಿನಲ್ಲಿ ಕದಡಿ ಕುಡಿಸಿ, ಕಾಯಿಸಿದ ಕಬ್ಬಿಣದಿಂದ ಮಣಿಕಟ್ಟಿಗೆ ಒಂದು ಬರೆ ಎಳೆದು, "ರೆಂಡು ವಾರಾಲು ಉಪ್ಪು ತಿನೊದ್ದು" ಎಂದು ಕಳಿಸುತ್ತಿದ್ದರು. ಎರಡು ವಾರ ಉಪ್ಪಿಲ್ಲದ ಊಟ. ಅವರು ಯಾರ ಹತ್ತಿರವೂ ಕಾಸು ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಮದ್ದು ನಡೆಯುವುದಿಲ್ಲ ಎಂದು ನಂಬಿದ್ದರು. ನನ್ನ ತಾಯಿಯ ಕಾಮಾಲೆ ಅವರ ಕೈಯಲ್ಲೇ ವಾಸಿಯಾಗಿತ್ತು. ಹಾಗಾಗಿ ನನಗೆ ನಂಬಿಕೆಯಿತ್ತು. ನಂಬಿಕೆಯ ಜೊತೆಗೆ ಇನ್ನೊಂದೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ: ಬಸ್ ಸ್ಟ್ಯಾಂಡಿನಲ್ಲಿ ಜನ ಎದ್ದು ನಿಂತು "ನಮ್ಮನ್ನ ಕಳಿಸಿಕೊಟ್ಟೋರು ಇವರೇ" ಎಂದು ಕೈ ಮುಗಿಯುವಾಗ ಬರುವ ದೊಡ್ಡಸ್ತಿಕೆ.

ಹಿಂದೊಮ್ಮೆ ಹೀಗೆ ಕಳಿಸಿದ್ದು ಸರ್ಜನ್ ಕಿವಿಗೆ ಬಿದ್ದಿತ್ತು. "ನನ್ನ ಆಸ್ಪತ್ರೆ ಬಾಗಿಲಲ್ಲಿ ನಿಂತ್ಕೊಂಡು ಬರೆ ಹಾಕ್ಸೋಕೆ ಕಳಿಸ್ತೀಯಾ? ಇನ್ನೊಂದ್ ಸಲ ಕೇಳಿಬಂದ್ರೆ ಆ ಥಿಯೇಟರಿನ ಹಸಿರು ಬಟ್ಟೆ ಬಿಚ್ಚಿಟ್ಟು ನಿಮ್ಮ ಭಾವನ ಜೊತೆ ಬೇರು ಅರೆಯೋಕೆ ಹೋಗು" ಎಂದಿದ್ದರು. ಅಷ್ಟಾದರೂ ಕಳಿಸಿದೆ. ರೀಲರ ಕಣ್ಣು ಮೂರು ವಾರದಲ್ಲಿ ತಿಳಿಯಾಯಿತು. ಹೆಂಡತಿ ಬಂದು ನನಗೆ ದುವಾ ಮಾಡಿ ಹೋದರು.

ಎರಡನೇ ಆಪರೇಷನ್ನಿನ ಹಿಂದಿನ ದಿನ, ಬುಧವಾರ, ರೀಲರ್ ವಾರ್ಡಿಗೆ ಸೇರಿದರು. ಅರಿವಳಿಕೆ ಡಾಕ್ಟರು ನೋಡಲು ಬರುವ ಮೊದಲೇ ನಾನು ಮಂಚದ ಹತ್ತಿರ ಹೋಗಿ, "ಕಾಮಾಲೆ ವಿಷಯ ಎತ್ತಬೇಡಿ, ಕೇಳಿದ್ರೂ ಇಲ್ಲ ಅನ್ನಿ. ಇಲ್ದೇ ಇದ್ರೆ ಆಪರೇಷನ್ ಮುಂದಕ್ಕಾಕ್ತಾರೆ, ಗಡ್ಡೆ ಬೆಳ್ಕೊಂಡ್ ಹೋಗುತ್ತೆ" ಎಂದೆ. ಅವರ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದರಲ್ಲಿ ಅವರ ಒಳ್ಳೆಯದು ಎಷ್ಟು, ನನ್ನ ಹಸಿರು ಬಟ್ಟೆ ಎಷ್ಟು ಎಂದು ಬೇರ್ಪಡಿಸಿ ನೋಡಲು ನನಗೆ ಇವತ್ತಿಗೂ ಆಗಿಲ್ಲ.

ಡಾಕ್ಟರು ಬಂದರು. ರಕ್ತದ ವರದಿ ನೋಡಿದರು. ಲಿವರಿನ ಅಂಕಿ ಸ್ವಲ್ಪ ಮೇಲಿತ್ತು. ಸ್ಕ್ಯಾನಿನಲ್ಲಿ ಲಿವರ್ ಚೊಕ್ಕಟವಾಗಿತ್ತು, ಕ್ಯಾನ್ಸರ್ ಅಲ್ಲಿಗೆ ಹರಡಿರಲಿಲ್ಲ. ಹಾಗಾದರೆ ಅಂಕಿ ಯಾಕೆ ಮೇಲಿದೆ ಎಂದು ಕಾಗದವನ್ನು ಎರಡು ಸಲ ತಿರುಗಿಸಿದರು. ರೆಪ್ಪೆ ಎಳೆದು ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಣ್ಣು ನೋಡಿದರು.

"ಹೋದ ಆಪರೇಷನ್ ಆದ್ಮೇಲೆ ಜ್ವರ, ಕಾಮಾಲೆ ಏನಾದ್ರೂ ಬಂದಿತ್ತಾ?"

ರೀಲರ್ ನನ್ನ ಮುಖ ನೋಡಿದರು. "ಇಲ್ಲ ಸಾರ್," ಎಂದರು.

ಡಾಕ್ಟರು ಹೊರಗೆ ಬಂದು ನನ್ನೊಡನೆಯೇ, ಆದರೆ ತಮ್ಮಷ್ಟಕ್ಕೆ ಎಂಬಂತೆ, ಮಾತಾಡಿದರು. "ಲಿವರ್ ಮೇಲೆ ಸ್ವಲ್ಪ ಡೌಟಿದೆ ಕಣಯ್ಯ. ಗಾಳಿ ಬಿಟ್ಟು ಪೂರ್ತಿ ನರದ ಮದ್ದಲ್ಲೇ ನಡೆಸಣ ಅಂದ್ರೆ ಪಂಪಿಲ್ಲ. ಮೂರು ನಾಲ್ಕು ಗಂಟೆ ಕೇಸು. ಹೋದ ಸಲ ಹ್ಯಾಲೋಥೇನ್ ತಡ್ಕೊಂಡಿದ್ದಾರಲ್ಲ. ಅದೇ ಕೊಡಣ ಬಿಡು."

ನರದ ಮದ್ದು ಎಂದರೆ ಪ್ರೊಪೊಫಾಲ್, ಹಾಲಿನಂತೆ ಬೆಳ್ಳಗಿರುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಅದನ್ನು ಅಳೆದು ತಳ್ಳುವ ಯಂತ್ರವಿರುತ್ತದೆ, ನಮ್ಮಲ್ಲಿ ಇರಲಿಲ್ಲ. ನಮ್ಮಲ್ಲಿ ಗಾಳಿ ಮದ್ದೆಂದರೆ ಹ್ಯಾಲೋಥೇನ್ ಒಂದೇ. ಅದು ಸುಲಭ. ಅರಿವಳಿಕೆ ಮಷೀನಿನ ಮೇಲಿನ ಪಾತ್ರೆಗೆ, ನಾವು ಬುರುಡೆ ಎನ್ನುವುದಕ್ಕೆ, ತುಂಬಿ ಡಯಲ್ ತಿರುಗಿಸಿದರೆ ಉಸಿರಿನ ಜೊತೆ ಹೋಗುತ್ತದೆ. ಆದರೆ ಅದು ಒಮ್ಮೆ ಕಾಮಾಲೆ ತಂದಿದ್ದರೆ, ಮತ್ತೆ ಕೊಟ್ಟಾಗ ಲಿವರ್ ಸುಟ್ಟುಹೋಗಬಹುದು ಎಂದು ಡಾಕ್ಟರು ಯಾವಾಗಲೋ ನರ್ಸ್ ಹುಡುಗಿಯರಿಗೆ ಹೇಳುತ್ತಿದ್ದಾಗ ನಾನು ಪಕ್ಕದಲ್ಲಿದ್ದೆ. ಆ ಬುಧವಾರ ಅದು ನನಗೆ ನೆನಪಿತ್ತೋ, ಇಲ್ಲವೋ? ನೆನಪಿದ್ದೂ ಸುಮ್ಮನಿದ್ದರೆ ನಾನು ಒಂದು ಜಾತಿಯ ಮನುಷ್ಯ. ನೆನಪಿರಲಿಲ್ಲವಾದರೆ ಇನ್ನೊಂದು ಜಾತಿಯವನು. ಎಷ್ಟು ಸಲ ಆ ಸಂಜೆಗೆ ಹಿಂತಿರುಗಿ ನೋಡಿದರೂ ತೀರ್ಮಾನಕ್ಕೆ ಬರಲಾಗುವುದಿಲ್ಲ.

ಗುರುವಾರ ಬೆಳಿಗ್ಗೆ ಮಷೀನ್ ಸಿದ್ಧಮಾಡಿದೆ. ಆಕ್ಸಿಜನ್ ಸಿಲಿಂಡರ್ ತೆರೆದು ಒತ್ತಡ ನೋಡಿದೆ, ಕೊಳವೆಗಳಿಗೆ ಸೋರಿಕೆ ಇದೆಯೇ ಎಂದು ಕೈ ಒತ್ತಿ ಪರೀಕ್ಷಿಸಿದೆ, ಬುರುಡೆಗೆ ಹ್ಯಾಲೋಥೇನ್ ತುಂಬಿದೆ. ಅದರದ್ದು ಒಂದು ಸಿಹಿ ವಾಸನೆ. ರೀಲರನ್ನು ಮೇಜಿನ ಮೇಲೆ ಮಲಗಿಸಿದರು. ಭಯಕ್ಕೋ ಏನೋ ಅವರು ಮಾತು ನಿಲ್ಲಿಸಲಿಲ್ಲ.

"ನಾವು ಗೂಡನ್ನ ಬಿಸಿನೀರಿಗೆ ಹಾಕ್ತೀವಿ, ನೀವು ನಮ್ಮನ್ನ ಗಾಳಿಗೆ ಹಾಕ್ತೀರ. ನೂಲು ಬರದಿದ್ರೆ ಬೈಬೇಡಿ ಅಣ್ಣಾ."

ಥಿಯೇಟರಿನಲ್ಲಿ ದಾರ, ತಾಯಿತ ಯಾವುದೂ ಇರಬಾರದು. ಅವರೇ ಬಲಗೈಯಿಂದ ತಾಯಿತ ಬಿಚ್ಚಿ ನನಗೆ ಕೊಟ್ಟರು. ಬರೆ ಕಾಣಿಸಿತು. ಡಾಕ್ಟರು ಹೊರಗೆ ಕೈ ತೊಳೆಯುತ್ತಿದ್ದರು, ನೀರಿನ ಸದ್ದು ಕೇಳುತ್ತಿತ್ತು. ನಾನು ಅಗಲದ ಪ್ಲಾಸ್ಟರ್ ಕತ್ತರಿಸಿ, ಆ ಕೈಯನ್ನು ಹಲಗೆಗೆ ಬಿಗಿಯುವವನಂತೆ, ಸರಿಯಾಗಿ ಬರೆಯ ಮೇಲೆ ಅಂಟಿಸಿದೆ. ಸೂಜಿಯನ್ನು ಬಲಗೈಗೆ ಹಾಕಲು ಅಣಿಮಾಡಿದೆ. ರೀಲರ್ ಪ್ಲಾಸ್ಟರನ್ನೂ ನನ್ನನ್ನೂ ನೋಡಿದರು.

ಡಾಕ್ಟರು ಬಂದರು. ನಿದ್ದೆಯ ಚುಚ್ಚುಮದ್ದು ಕೊಟ್ಟರು, ಗಂಟಲಿಗೆ ಕೊಳವೆ ಇಳಿಸಿದರು. ನಾನು ಕೊಳವೆಯನ್ನು ಕಟ್ಟಿದೆ. ಅವರು ಹ್ಯಾಲೋಥೇನ್ ಡಯಲನ್ನು ಒಂದಕ್ಕೆ ತಿರುಗಿಸಿದರು. ಸರ್ಜನ್ ಹೊಟ್ಟೆಗೆ ಅಯೋಡಿನ್ ಬಳಿಯತೊಡಗಿದರು. ಇನ್ನು ನನ್ನ ಕೆಲಸ ಕಣ್ಣು ಒಣಗದಂತೆ ಮುಲಾಮು ಹಾಕಿ ರೆಪ್ಪೆಗೆ ಪಟ್ಟಿ ಅಂಟಿಸುವುದು. ಬಲಗಣ್ಣಿನ ರೆಪ್ಪೆ ಎತ್ತಿದೆ. ಆ ದೊಡ್ಡ ದೀಪದ ಕೆಳಗೆ ಬಿಳಿಯ ಮೂಲೆಯಲ್ಲಿ ಒಂದು ಹಳದಿ ಎಳೆ ಕಂಡಂತಾಯಿತು. ನಿಜವಾಗಿ ಇತ್ತೋ, ಹೊಟ್ಟೆಯ ಮೇಲಿನ ಅಯೋಡಿನ್ ಬಣ್ಣ ನನ್ನ ಕಣ್ಣಿಗೆ ಅಂಟಿತ್ತೋ, ಹೇಳಲಾರೆ.

"ಸಾರ್, ಇವರಿಗೆ ಕಾಮಾಲೆ ಬಂದಿತ್ತು. ಹೋದ ಆಪರೇಷನ್ ಆದ ಹತ್ತು ದಿನಕ್ಕೆ," ಎಂದೆ.

ಡಾಕ್ಟರು ನನ್ನ ಕಡೆ ತಿರುಗುವ ಮೊದಲೇ ಡಯಲ್ ಮುಚ್ಚಿದ್ದರು. "ನಿನಗೆ ಹೆಂಗೊತ್ತು?"

"ಅವರ ಮನೆಯವರು ಅವತ್ತು ಬಂದು ಹೇಳಿದ್ರು ಸಾರ್. ಈಗ ನೆನಪಾಯ್ತು."

ಸುಳ್ಳನ್ನು ನಿಲ್ಲಿಸಲು ಬಾಯಿ ತೆರೆದವನು ಇನ್ನೊಂದು ಸುಳ್ಳು ಹೇಳಿದೆ.

"ಎಷ್ಟು ಹೊತ್ತಾಯ್ತು ಡಯಲ್ ತೆಗೆದು?" ಎಂದು ಡಾಕ್ಟರು ಕೇಳಿದರು. ನಾನು ಗಡಿಯಾರ ನೋಡಿದೆ. ಏಳೋ ಎಂಟೋ ನಿಮಿಷ.

ಸರ್ಜನ್ ಕೈಯಲ್ಲಿ ಚಾಕು ಹಿಡಿದು ನಿಂತಿದ್ದರು. "ಏನ್ರಿ, ಹೊಟ್ಟೆ ನಾನು ಕುಯ್ಯಲೋ, ನೀವಿಬ್ಬರೂ ಸೇರಿ ಕುಯ್ತೀರೋ?"

"ಐದು ನಿಮಿಷ ತಡೀರಿ. ಒಂದೋ ಎಬ್ಬಿಸಿ ವಾಪಸ್ ಕಳಿಸಬೇಕು, ಇಲ್ಲಾ ಗಾಳಿ ಬಿಟ್ಟು ನರದಲ್ಲೇ ನಡೆಸಬೇಕು."

"ಎಬ್ಬಿಸಿದ್ರೆ ಮತ್ತೆ ಯಾವಾಗ? ಇನ್ನೊಂದು ತಿಂಗಳು ಬಿಟ್ರೆ ತೆಗೆಯೋಕೆ ಏನ್ ಉಳಿದಿರುತ್ತೆ?"

ಡಾಕ್ಟರು ರೋಗಿಯ ಹಣೆಯ ಮೇಲೆ ಕೈಯಿಟ್ಟು ನಿಂತರು. ಆಮೇಲೆ "ನರದಲ್ಲೇ ನಡೆಸಣ. ಬುರುಡೆ ಬಿಚ್ಚು," ಎಂದರು.

ಬುರುಡೆ ಬಿಚ್ಚಿ ಹೊರಗಿಟ್ಟೆ. ಹ್ಯಾಲೋಥೇನ್ ಮುಟ್ಟಿದ ಕೊಳವೆ, ಚೀಲ ಎಲ್ಲವನ್ನೂ ತೆಗೆದು ಹೊಸದು ಹಾಕಿದೆ. ಆಕ್ಸಿಜನ್ ಜೋರಾಗಿ ಬಿಟ್ಟು ಮಷೀನಿನ ಒಳಗೆ ಉಳಿದಿದ್ದ ಗಾಳಿ ಮದ್ದನ್ನು ಊದಿ ಕಳೆದೆವು. ಪ್ರೊಪೊಫಾಲ್ ನಮ್ಮ ಕಪಾಟಿನಲ್ಲಿದ್ದದ್ದು ಮೂರು ಬಾಟಲಿ. ಬೇಕಾದದ್ದು ಕನಿಷ್ಠ ಎಂಟು. ರೀಲರ ಅಳಿಯ ಮೊಪೆಡ್ ಹತ್ತಿ ಮೆಡಿಕಲ್ ಸ್ಟೋರುಗಳಿಗೆ ಹೊರಟ. ಮದ್ದನ್ನು ಮಕ್ಕಳಿಗೆ ಡ್ರಿಪ್ ಕೊಡುವ ಸಣ್ಣ ಹನಿಯ ಕೊಳವೆಗೆ ಸುರಿದು, ಡಾಕ್ಟರು ಲೆಕ್ಕ ಹಾಕಿದರು: ನಿಮಿಷಕ್ಕೆ ಮೂವತ್ತು ಹನಿ. ಸರ್ಜನ್ ಎಳೆದಾಗ ನಲವತ್ತು, ಸುಮ್ಮನಿದ್ದಾಗ ಇಪ್ಪತ್ತೈದು.

"ಪಂಪ್ ನೀನೇ," ಎಂದು ನನ್ನ ಕೈಗೆ ಕೊಳವೆಯ ಚಕ್ರ ಕೊಟ್ಟರು. "ಹನಿ ಎಣಿಸು. ನಡುನಡುವೆ ಕಣ್ಣು ನೋಡು. ನೀರು ಬಂದ್ರೆ, ಬೆವರಿದ್ರೆ ತಕ್ಷಣ ಹೇಳು. ಮೈ ಅಲ್ಲಾಡದ ಹಾಗೆ ಮದ್ದು ಕೊಟ್ಟಿದೀನಿ, ಒಳಗೆ ಎಚ್ಚರ ಆದ್ರೂ ಇವರಿಗೆ ಹೇಳೋಕಾಗಲ್ಲ."

ನಾನು ಎಣಿಸಿದೆ. ಗಡಿಯಾರದ ಮುಳ್ಳು ಒಂದು ಸುತ್ತು, ಹನಿ ಮೂವತ್ತು. ಇಪ್ಪತ್ತೊಂಬತ್ತಾದರೆ ಸಡಿಲಿಸು, ಮೂವತ್ತೆರಡಾದರೆ ಬಿಗಿ. ಎರಡನೇ ಬಾಟಲಿ ಮುಗಿಯುವಾಗ ರೀಲರ ಎಡಗಣ್ಣಿನ ಪಟ್ಟಿಯ ಅಂಚಿನಲ್ಲಿ ತೇವ ಕಂಡಿತು. "ಸಾರ್," ಎಂದೆ. ಡಾಕ್ಟರು ನೋವಿನ ಮದ್ದು ಕೊಟ್ಟು, "ಐವತ್ತಕ್ಕೆ ಏರಿಸು," ಎಂದರು. ಅದು ಮುಲಾಮು ಕರಗಿದ್ದೋ, ಕಣ್ಣೀರೋ? ಎಚ್ಚರವಾಗಿದ್ದರೆ ಆ ಮನುಷ್ಯನಿಗೆ ಏನೇನು ಕೇಳಿಸಿರಬಹುದು? ನಾನು "ಈಗ ನೆನಪಾಯ್ತು" ಎಂದದ್ದು ಅದಕ್ಕೆ ಬಹಳ ಮೊದಲೇ ಆಗಿಹೋಗಿತ್ತು. ಆದರೂ ಅದನ್ನೇ ಅವರು ಕೇಳಿಸಿಕೊಂಡರೇನೋ ಎಂಬ ಹೆದರಿಕೆಯಲ್ಲೇ ಹನಿ ಎಣಿಸಿದೆ. ಮೂರನೇ ಬಾಟಲಿಯಲ್ಲಿ ಎರಡು ಬೆರಳಷ್ಟು ಉಳಿದಿದ್ದಾಗ ಅಳಿಯ ಆರು ಬಾಟಲಿ ತಂದ.

ಮೂರೂಮುಕ್ಕಾಲು ಗಂಟೆ ಹಿಡಿಯಿತು. ಜಠರದ ಕೆಳಭಾಗವನ್ನು ತೆಗೆದು ಕರುಳಿಗೆ ಜೋಡಿಸಿದರು. ಮದ್ದು ನಿಲ್ಲಿಸಿ ಸ್ವಲ್ಪ ಹೊತ್ತಿಗೆ ರೀಲರ್ ಕಣ್ಣು ಬಿಟ್ಟರು. ಅವರನ್ನು ಪಕ್ಕದ ಕೋಣೆಗೆ ತಂದ ಮೇಲೆ, ಯಾರೂ ಇಲ್ಲದಾಗ, ಪ್ಲಾಸ್ಟರ್ ಕಿತ್ತು ತಾಯಿತ ಕಟ್ಟಿದೆ.

ಅರಿವಳಿಕೆ ಡಾಕ್ಟರು ಸರ್ಜನ್ ಮುಂದೆ, ನರ್ಸ್ ಹುಡುಗಿಯರ ಮುಂದೆ ಹೇಳಿದರು: "ಇವನು ಆ ಹೊತ್ತಿಗೆ ನೆನಪು ಮಾಡ್ಕೊಂಡು ಹೇಳಿದ್ದಕ್ಕೆ ಆಯ್ತು. ಪೇಷಂಟೇ ಕಾಮಾಲೆ ಬಂದಿಲ್ಲ ಅಂದಿದ್ರು. ಕಿವಿ ಅಂದ್ರೆ ಹಿಂಗಿರ್ಬೇಕು." ಸರ್ಜನ್ ಬೆನ್ನು ತಟ್ಟಿದರು. ನಾನು ತಲೆ ತಗ್ಗಿಸಿದೆ. ಅದನ್ನು ಅವರು ವಿನಯ ಎಂದುಕೊಂಡರು.

ಐದನೇ ದಿನ ರೀಲರ ಕಣ್ಣಲ್ಲಿ ಹಳದಿ ಕಾಣಿಸಿಕೊಂಡಿತು. ಈ ಸಲ ಅದನ್ನು ಎಲ್ಲರೂ ನೋಡಿದರು. ಡಾಕ್ಟರು ತಮ್ಮ ಸರದಿಯಲ್ಲದ ದಿನ ಚಿಕ್ಕಬಳ್ಳಾಪುರದಿಂದ ಬಂದರು. ಏಳೆಂಟು ನಿಮಿಷದ ಹ್ಯಾಲೋಥೇನ್ ಇರಬಹುದು, ಕೊಟ್ಟ ರಕ್ತ ಇರಬಹುದು, ಬರಿ ಆಪರೇಷನ್ನಿನ ಬಳಲಿಕೆಯೂ ಇರಬಹುದು ಎಂದರು. ದಿನ ಬಿಟ್ಟು ದಿನ ರಕ್ತ ತೆಗೆದರು. ಅಂಕಿ ಏರಿತು, ನಿಂತಿತು, ಇಳಿಯಿತು. ಎರಡು ವಾರಕ್ಕೆ ಅವರನ್ನು ಮನೆಗೆ ಕಳಿಸಿದರು.

ಹೊಲಿಗೆಯ ಗಾಯ ತೋರಿಸಲು ಗಂಡ ಹೆಂಡತಿ ಮತ್ತೆ ಬಂದಾಗ ನನ್ನನ್ನು ಹೊರಗಿನ ಬೆಂಚಿಗೆ ಕರೆದರು. ಹೆಂಡತಿ ದನಿ ತಗ್ಗಿಸಿ, "ಅಣ್ಣಾ, ನಿಮ್ಮ ಭಾವನ ಮದ್ದೇ ಈ ಸಲಾನೂ ಕೆಲಸ ಮಾಡ್ತು," ಎಂದರು.

"ಯಾವ ಮದ್ದು? ಯಾವಾಗ?"

"ವಾರ್ಡಲ್ಲೇ. ನೀರು ಕುಡೀಬೋದು ಅಂದ್ರಲ್ಲ ಅವತ್ತು. ಅಳಿಯ ಹೋಗಿ ತಂದಿದ್ದ. ಹಾಲಲ್ಲಿ ಒಂದು ಚಮಚ ಅಷ್ಟೇ."

"ಕಣ್ಣು ಹಳದಿ ಆದ್ಮೇಲೆ ತಾನೇ ಕೊಟ್ಟಿದ್ದು?"

"ಹೂಂ, ಆದ್ಮೇಲೆ," ಎಂದರು ಹೆಂಡತಿ.

"ಏನ್ ಆದ್ಮೇಲೆ? ಮುಂಚೇನೇ ನೀನು ಕುಡಿಸ್ದೆ," ಎಂದರು ರೀಲರ್. "ಬರದಂಗೆ ಇರ್ಲಿ, ಕುಡೀರಿ ಅಂದೆ. ಮಾರನೇ ದಿನ ಹಳದಿ ಆಯ್ತು."

"ಇವರಿಗೇನ್ ಗೊತ್ತು, ಬಿದ್ಕೊಂಡಿದ್ರು."

"ಕುಡ್ದೋನು ನಾನು ಕಣೇ."

ಅವರು ನಗುತ್ತಾ ಜಗಳವಾಡಿದರು. ಹಾಗಾದರೆ ಮೊದಲ ಕಾಮಾಲೆ ಗಾಳಿಯದೋ ಕುಡಿದ ಕೆಟ್ಟ ನೀರಿನದೋ, ಎರಡನೆಯದು ಗಾಳಿಯದೋ ಬೇರಿನದೋ? ವಾಸಿಮಾಡಿದ್ದು ಯಾವುದು, ತಂದದ್ದು ಯಾವುದು? ಇದನ್ನೆಲ್ಲ ನಮ್ಮ ಅರಿವಳಿಕೆ ಡಾಕ್ಟರು ಬಿಡಿಸಿ ನೋಡಬಹುದಿತ್ತು, ಅವರಿಗೆ ಎಲ್ಲವೂ ಗೊತ್ತಿದ್ದಿದ್ದರೆ. ಅವರಿಗೆ ಗೊತ್ತಾಗದಂತೆ ನೋಡಿಕೊಂಡವನು ನಾನು. ಒಳಗೆ ಹೋಗುವ ಮುನ್ನ ರೀಲರ್ ನನ್ನ ಭುಜ ಹಿಡಿದು, "ಪ್ಲಾಸ್ಟರ್ ವಿಷಯ ನಾನ್ ಯಾರಿಗೂ ಹೇಳಿಲ್ಲ, ಹೆದರ್ಕೋಬೇಡಿ," ಎಂದರು. ಕ್ಷಮೆ ಕೇಳಬೇಕಾದವನಿಗೆ ಅವರೇ ಧೈರ್ಯ ಹೇಳಿದರು.

ಅವತ್ತು ಗುರುವಾರ. ಕೇಸು ಮುಗಿದ ಮೇಲೆ ಡಾಕ್ಟರ ಮುಂದೆ ನಿಂತು ಎಲ್ಲ ಹೇಳಿದೆ. ಕಳಿಸಿದ್ದು, ಇಲ್ಲ ಅನ್ನಿಸಿದ್ದು, ಬರೆ ಮುಚ್ಚಿದ್ದು, ವಾರ್ಡಿನ ಚಮಚ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಕೂತು, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಇವರೊಬ್ಬರೇನಾ?" ಎಂದು ಕೇಳಿದರು.

"ಏನ್ ಸಾರ್?"

"ನಾವು ಗಾಳಿ ಕೊಟ್ಟು, ಆಮೇಲೆ ಕಾಮಾಲೆ ಆಗಿ, ನೀನು ಭಾವನ ಹತ್ರ ಕಳಿಸಿದೋರು. ಇವರೊಬ್ಬರೇನಾ, ಇನ್ನೂ ಇದ್ದಾರಾ?"

ಆ ಪ್ರಶ್ನೆ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಅವರು ಕಾಗದ ಕೊಟ್ಟರು. ಬರೆದೆ. ಹೆಸರು ನೆನಪಿಲ್ಲದವರಿಗೆ ಊರು ಬರೆದೆ. ನಾಲ್ಕು ಆಯಿತು, ಐದನೆಯದಕ್ಕೆ ಮುಖ ಮಾತ್ರ ಬಂತು, ಊರು ಬರಲಿಲ್ಲ. "ಇವರಲ್ಲಿ ಯಾರಿಗಾದ್ರೂ ಇನ್ನೊಂದು ಕಡೆ ಆಪರೇಷನ್ ಆದ್ರೆ ಗಾಳಿ ಕೊಡ್ಬೇಡಿ ಅಂತ ಯಾರು ಹೇಳ್ತಾರೆ?" ಎಂದರು. ನಾಲ್ಕು ಚೀಟಿಗಳಲ್ಲಿ ತಮ್ಮ ಕೈಯಾರೆ ಅದನ್ನು ಬರೆದು ಸಹಿ ಹಾಕಿ ಕೊಟ್ಟರು. ಸರ್ಜನ್‌ಗೆ ಹೇಳುವುದನ್ನು ನನಗೇ ಬಿಟ್ಟರು. ಹೇಳಿದೆ, ಅವರು ಎರಡು ತಿಂಗಳು ನನ್ನನ್ನು ಥಿಯೇಟರಿಗೆ ಸೇರಿಸಲಿಲ್ಲ. ಆ ಬಿಡುವಿನಲ್ಲಿ ಚೀಟಿ ಹಿಡಿದು ಬಸ್ ಹತ್ತಿದೆ.

ಮೊದಲ ಮೂವರು ಸಿಕ್ಕರು. ಚೀಟಿ ತೆಗೆದುಕೊಂಡು ಎಲ್ಲೋ ಸಿಕ್ಕಿಸಿದರು. ಒಬ್ಬರಂತೂ ಭಾವನ ಕೈಗುಣವನ್ನು ಹೊಗಳಿ ಕಳಿಸಿದರು. ನಾಲ್ಕನೆಯವರು ಮಂಚೇನಹಳ್ಳಿಯ ಒಬ್ಬ ಮುದುಕಿ. ಗರ್ಭಕೋಶದ ಆಪರೇಷನ್ನಿಗೆ ನಮ್ಮಲ್ಲಿಗೆ ಬಂದಿದ್ದವರು. ಬಸ್ ಸ್ಟ್ಯಾಂಡಿನ ಹಿಂದೆ ಮನೆ. ಸೊಸೆ ಬಾಗಿಲಿಗೆ ಬಂದರು, ನನ್ನ ಗುರುತು ಹಿಡಿದರು.

"ಅಯ್ಯೋ, ನಮ್ಮತ್ತೆ ಹೋಗಿ ವರ್ಷ ಆಗ್ತಾ ಬಂತಲ್ಲಪ್ಪ."

"ಏನಾಗಿತ್ತಮ್ಮ?"

"ಹೊಟ್ಟೆದೇ ಇನ್ನೊಂದು ಆಪರೇಷನ್ ಅಂದ್ರು. ಬೇರೆ ಊರಲ್ಲಿ ಮಾಡಿಸಿದ್ವಿ. ಚೆನ್ನಾಗೇ ಆಯ್ತು. ವಾರಕ್ಕೆ ಜ್ವರ ಬಂತು, ಹೋಗ್ಬಿಟ್ರು."

"ಕಣ್ಣು ಹಳದಿ ಆಗಿತ್ತಾ?"

ಅವರು ಯೋಚಿಸಿದರು. "ಆಗಿತ್ತೋ ಏನೋ. ವಯಸ್ಸಾಗಿತ್ತಲ್ಲ, ನಾವು ಯಾರೂ ಅಷ್ಟು ನೋಡ್ಲಿಲ್ಲ."

"ಯಾವ ಮದ್ದು ಕೊಟ್ಟು ಮಲಗಿಸಿದ್ರು, ಗಾಳಿದೋ ನರದ್ದೋ?"

"ಅದೆಲ್ಲ ನಮಗೆ ಯಾರ್ ಹೇಳ್ತಾರಪ್ಪ," ಎಂದು ಅವರು ಚಾಪೆ ಹಾಸಿದರು. "ಅಷ್ಟು ದೂರದಿಂದ ವಿಚಾರಿಸೋಕೆ ಬಂದಿದ್ದೀರ. ನಿಮ್ಮನ್ನ ನೆನಿಸ್ಕೋತಾನೇ ಇರ್ತಿದ್ರು. ಕೂತ್ಕೊಳಿ, ಕಾಫಿ ಮಾಡ್ತೀನಿ."

ಚೀಟಿ ನನ್ನ ಜೇಬಿನಲ್ಲಿತ್ತು. ತೆಗೆಯಲಿಲ್ಲ. ಕೂತು ಕಾಫಿ ಕುಡಿದೆ.